ನಾಯಿ ಬೆನ್ನಿನಷ್ಟು ಡೊಂಕು

ಗೆರೆಯಪ್ಪನ ಮನೆಯಲ್ಲಿ ಚಪ್ಪಲಿಗಳೂ ಸಿಪಾಯಿಗಳ ಹಾಗೆ ನಿಲ್ಲುತ್ತಿದ್ದವು. ಬಾಗಿಲ ಎಡಕ್ಕೆ ಹೆಂಡತಿಯವು, ಬಲಕ್ಕೆ ತನ್ನವು, ನಡುವೆ ಮೊಮ್ಮಗಳ ಪುಟ್ಟ ಜೊತೆ. ಮೂರರ ಮೂಗೂ ಒಂದೇ ಸಾಲಿಗೆ ಬರಬೇಕು. ಮಂಚದ ಮೇಲಿನ ಪಟ್ಟೆಪಟ್ಟೆ ಹೊದಿಕೆ ಒಂದು ಬೆರಳು ಓರೆಯಾಗಿದ್ದರೂ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಎದ್ದು ಸರಿಮಾಡಿ, ಒಂದು ಕಣ್ಣು ಮುಚ್ಚಿ ನೋಡಿ, ಸಮಾಧಾನವಾದ ಮೇಲೆ ಮಲಗುತ್ತಿದ್ದ.

"ನನ್ನ ಬೈತಲೆ ನೋಡಿ ಒಪ್ಪಿಕೊಂಡ ಮಹಾರಾಯರು ಇವರು," ಎಂದು ಹೆಂಡತಿ ನೆರೆಯವರ ಮುಂದೆ ಹೇಳುತ್ತಿದ್ದಳು. "ಮುಖ ನೋಡಿದ್ದು ಮದುವೆಯಾಗಿ ಮೂರು ದಿನ ಆದ್ಮೇಲೆ. ಅಷ್ಟು ಹೊತ್ತಿಗೆ ಕಾಲ ಮಿಂಚಿತ್ತು, ಪಾಪ."

ಗೆರೆಯಪ್ಪ ನಗರಸಭೆಯ ರಸ್ತೆ ವಿಭಾಗದಲ್ಲಿ ಗೆರೆ ಎಳೆಯುವವನು. ರಸ್ತೆಯ ಮೇಲಿನ ಬಿಳಿ ಪಟ್ಟಿಗಳನ್ನು ಯಂತ್ರ ಬಳಿಯುತ್ತದೆ ಎಂದು ಊರೆಲ್ಲ ತಿಳಿದಿದೆ. ಯಂತ್ರಕ್ಕೆ ದಾರಿ ತೋರಿಸುವವನೊಬ್ಬ ಹಿಂದಿನ ದಿನವೇ ಮಂಡಿಯೂರಿ ಹೋಗಿರುತ್ತಾನೆ ಎಂಬುದು ಯಾರಿಗೂ ಗೊತ್ತಿಲ್ಲ. ಮುಷ್ಟಿ ಗಾತ್ರದ ಸುಣ್ಣದ ಗಟ್ಟಿ, ಒಂದುಂಡೆ ದಾರ, ತುಕ್ಕು ಹಿಡಿದ ಅಳತೆ ಟೇಪು, ಇಷ್ಟೇ ಅವನ ಸರಂಜಾಮು. ದಾರಕ್ಕೆ ಸುಣ್ಣ ಉಜ್ಜಿ, ಎರಡು ತುದಿ ಬಿಗಿದು, ನಡುವೆ ಎತ್ತಿ ಮಿಡಿದರೆ ನೆಲದ ಮೇಲೆ ಕೂದಲೆಳೆಯಂಥ ಗೆರೆ ಬೀಳುತ್ತದೆ. ಅದರ ಮೇಲೆ ಗಟ್ಟಿಯನ್ನು ತೀಡಿಕೊಂಡು ಹೋಗುತ್ತಾನೆ. ಮೂವತ್ತೊಂದು ವರ್ಷ ಹೀಗೆ ತೀಡಿದ್ದರಿಂದ ಊರಿನ ಗೆರೆಗಳೆಲ್ಲ ನೆಟ್ಟಗಿದ್ದವು, ಅವನ ಮಂಡಿಗಳೆರಡು ಮಾತ್ರ ಸೊಟ್ಟಗಾಗಿದ್ದವು.

ಅವನ ಹಿಂದೆ ಬರುವ ಬಣ್ಣದ ತಂಡಕ್ಕೆ ಇದ್ದದ್ದು ಒಂದೇ ಶಾಸ್ತ್ರ: ಸುಣ್ಣ ಕಂಡಲ್ಲಿ ಬಣ್ಣ. ಬೆಳಕು ಹರಿಯುವ ಮೊದಲೇ ಲಾರಿ ತಂದು, ಸುಣ್ಣದ ಗುರುತಿನ ಮೇಲೆ ಯಂತ್ರ ಉರುಳಿಸಿ, ಜನ ಓಡಾಡುವಷ್ಟರಲ್ಲಿ ಜಾಗ ಖಾಲಿ ಮಾಡುತ್ತಿದ್ದರು. ಒಮ್ಮೆ ಗೆರೆಯ ನಡುವೆ ಸತ್ತ ಇಲಿ ಬಿದ್ದಿತ್ತು. ಅದರ ಮೇಲೂ ಬಳಿದು ಹೋಗಿದ್ದರು.

"ಸರಿಸಬಾರದಿತ್ತಾ?" ಎಂದು ಕೇಳಿದರೆ ಬಣ್ಣದ ಮೇಸ್ತ್ರಿ, "ಸರಿಸೋದು ಕಸದ ವಿಭಾಗ, ಯೋಚನೆ ಮಾಡೋದು ಇಂಜಿನಿಯರ್ ವಿಭಾಗ. ನಮ್ಮದು ಬಳಿಯೋ ವಿಭಾಗ," ಎಂದಿದ್ದ.

ನಿವೃತ್ತಿಗೆ ಐದು ವಾರ ಉಳಿದಿತ್ತು. ಬೀಳ್ಕೊಡುಗೆಯ ಪ್ರಶಸ್ತಿಪತ್ರದಲ್ಲಿ 'ಮೂವತ್ತೊಂದು ವರ್ಷ, ಒಂದೂ ಡೊಂಕು ಗೆರೆ ಇಲ್ಲ' ಎಂದು ಟೈಪು ಮಾಡಿಸುವುದಾಗಿ ಇಂಜಿನಿಯರು ಮಾತು ಕೊಟ್ಟಿದ್ದರು. ಆ ಕಾಗದವನ್ನು ಗೋಡೆಯ ಯಾವ ಎತ್ತರದಲ್ಲಿ ತೂಗಬೇಕೆಂದು ಗೆರೆಯಪ್ಪ ಆಗಲೇ ಸುಣ್ಣದಲ್ಲಿ ಗುರುತು ಮಾಡಿಟ್ಟಿದ್ದ.

ಇಷ್ಟು ನೆಟ್ಟಗಿನ ಬಾಳಿನಲ್ಲಿ ಒಂದೇ ಒಂದು ಮುಳ್ಳು. ಅದು ಮೊಮ್ಮಗಳ ಶಾಲೆಯ ಮುಂದಿನ ರಸ್ತೆ.

ಮಗಳು ಆಸ್ಪತ್ರೆಯಲ್ಲಿ ಬೆಳಗಿನ ಪಾಳಿಯ ನರ್ಸು. ಹಾಗಾಗಿ ಎರಡನೇ ತರಗತಿಯ ಮೊಮ್ಮಗಳನ್ನು ಶಾಲೆಗೆ ಬಿಡುವುದು ತಾತನ ಕೆಲಸ. ಬಾಯಿ ಬಿಟ್ಟರೆ ಮುಚ್ಚದ ಅವಳಿಗೆ ಅಜ್ಜಿ ಚಿನಕುರುಳಿ ಎಂದು ಹೆಸರಿಟ್ಟಿದ್ದಳು. ಬೆಳಿಗ್ಗೆ ತಾತನ ಕೈ ಹಿಡಿದು ರಸ್ತೆ ದಾಟುತ್ತಿದ್ದಳು. ಸಂಜೆ ಹಿಡಿಯಲು ಕೈ ಇರಲಿಲ್ಲ. ತಾತ ಊರಿನ ಇನ್ನಾವುದೋ ಮೂಲೆಯಲ್ಲಿ ಮಂಡಿಯೂರಿರುತ್ತಿದ್ದ, ಮಕ್ಕಳು ಕಣ್ಣು ಮುಚ್ಚಿ ಓಡುತ್ತಿದ್ದರು. ಶಾಲೆಯ ಗೇಟಿನ ಮುಂದೆ ಜೀಬ್ರಾ ಪಟ್ಟಿ ಇರಲಿಲ್ಲ. ಇದ್ದದ್ದು ಅರವತ್ತು ಹೆಜ್ಜೆ ಆಚೆ, ನೂಲಿನ ಗಿರಣಿಯ ಗೇಟಿನ ಮುಂದೆ. ಗಿರಣಿ ಮುಚ್ಚಿ ಹದಿನೆಂಟು ವರ್ಷವಾಗಿತ್ತು, ಆದರೆ ಇಂಜಿನಿಯರ ನಕ್ಷೆಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ಪ್ರತಿ ವರ್ಷ ಗೆರೆಯಪ್ಪ ಆ ಬೀಗ ಜಡಿದ ಗೇಟಿನ ಮುಂದೆ ಒಂಬತ್ತು ಪಟ್ಟಿಗಳನ್ನು ನೂಲು ಹಿಡಿದಂತೆ ಗುರುತು ಮಾಡುತ್ತಿದ್ದ, ತಂಡ ಬಳಿಯುತ್ತಿತ್ತು, ಯಾರೂ ದಾಟುತ್ತಿರಲಿಲ್ಲ.

"ಸಾರ್, ಅದನ್ನ ಶಾಲೆ ಮುಂದೆ ತರೋಣ," ಎಂದು ಅವನು ಮೂರು ಸಲ ಕೇಳಿದ್ದ.

"ನಕ್ಷೆಯಲ್ಲಿ ಎಲ್ಲಿದೆ ತೋರಿಸಪ್ಪ."

"ನಕ್ಷೆಯಲ್ಲಿಲ್ಲ ಸಾರ್, ಮಕ್ಕಳು ಅಲ್ಲೇ ದಾಟ್ತಾರೆ."

"ಹಾಗಾದ್ರೆ ಮಕ್ಕಳು ದಾಟ್ತಿರೋದೇ ತಪ್ಪು ಜಾಗದಲ್ಲಿ."

ಕಳೆದ ತಿಂಗಳು ಚಿನಕುರುಳಿಯ ತರಗತಿಯ ಹುಡುಗಿಯೊಬ್ಬಳಿಗೆ ಸ್ಕೂಟರಿನ ಹಿಡಿ ಬಡಿದು ಮುಂದಿನ ಎರಡು ಹಲ್ಲು ಹೋದವು. ಗೆರೆಯಪ್ಪ ನಾಲ್ಕನೇ ಸಲ ಹೋಗಿ ಕೇಳಿದ. ಇಂಜಿನಿಯರು ಮರುಕಪಟ್ಟರು. "ಹಾಲುಹಲ್ಲು ತಾನೆ? ಹೇಗೂ ಬೀಳೋವು," ಎಂದರು.

ಹೀಗಿರುವಾಗ ಶಾಲೆಗೆ ಹೊರಾಂಗಣ ಕಲಿಕೆ ಬಂತು.

ಬಂದದ್ದು ಒಬ್ಬ ತಜ್ಞರ ರೂಪದಲ್ಲಿ. ಬಿಳಿ ಬೂಟು, ತಿಳಿ ಬಣ್ಣದ ಪ್ಯಾಂಟು, ಕಂಕುಳಲ್ಲಿ ಪ್ಲಾಸ್ಟಿಕ್ ಹೊದಿಸಿದ ದೊಡ್ಡ ಫಲಕ. 'ಬಯಲಿನಲ್ಲಿ ಸೀಮೆಸುಣ್ಣದಿಂದ ಚಿತ್ರ ಬರೆಯುವುದರಿಂದ ಮಕ್ಕಳಿಗಾಗುವ ಏಳು ಲಾಭಗಳು' ಎಂದು ಅದರ ಮೇಲಿತ್ತು. ಬೆರಳಿಗೆ ಬಲ, ಕಲ್ಪನೆಗೆ ರೆಕ್ಕೆ, ಸಹಕಾರ, ಧೈರ್ಯ, ನೆಲದೊಡನೆ ನಂಟು, ಹೀಗೆ. ಏಳನೆಯದು ಆನಂದ. ಮುಖ್ಯೋಪಾಧ್ಯಾಯಿನಿಯನ್ನು ಮಕ್ಕಳು ದೊಡ್ಡ ಮಿಸ್ಸು ಎನ್ನುತ್ತಿದ್ದರು. ದೊಡ್ಡ ಮಿಸ್ಸು ಏಳೂ ಲಾಭಗಳನ್ನು ಒಂದೇ ಬೆಳಿಗ್ಗೆ, ಹತ್ತರಿಂದ ಹನ್ನೆರಡರೊಳಗೆ ಮುಗಿಸಲು ತೀರ್ಮಾನಿಸಿದರು.

ಅಂಗಳದಲ್ಲಿ ಮಾಡುವಂತಿರಲಿಲ್ಲ. ಅಲ್ಲಿ ಹೊಸದಾಗಿ ಕಲ್ಲುಹಾಸು ಹಾಕಿಸಿದ್ದರು, ಅದರ ಮೇಲೆ ಸುಣ್ಣ ಬಿದ್ದರೆ ಕಲೆಯಾಗುತ್ತದೆ. ಎದುರಿನ ರಸ್ತೆಯನ್ನು ಬಣ್ಣದ ಕೆಲಸಕ್ಕೆಂದು ಹೇಗೂ ಮರುದಿನ ಬೆಳಗಿನ ಜಾವ ಮುಚ್ಚುವುದಿತ್ತು. ಒಂದು ದಿನ ಮುಂಚೆಯೇ ಮುಚ್ಚಿಸಿದರು. ಬಯಲಿನ ಪಾಠಕ್ಕೆ ಮೊದಲು ಚೌಕಗಳು ಬೇಕು ಎಂದು ತಜ್ಞರು ಹೇಳಿದ್ದರಿಂದ ನಗರಸಭೆಯಿಂದ ಗೆರೆಯಪ್ಪನನ್ನು ಎರವಲು ತಂದರು.

ಅವನು ಬೆಳಿಗ್ಗೆ ಗಿರಣಿಯ ಮುಂದಿನ ಪಟ್ಟಿಗಳನ್ನು ಗುರುತು ಮಾಡಿ ಮುಗಿಸಿ, ಶಾಲೆಯ ಗೋಡೆಗುಂಟ ರಸ್ತೆಯ ಅಂಚಿನಲ್ಲಿ ದಾರ ಮಿಡಿದು ನಲವತ್ತು ಚೌಕಗಳನ್ನು ಎಳೆದ. ಒಂದೊಂದೂ ಪೆಟ್ಟಿಗೆಯಿಂದ ತೆಗೆದಿಟ್ಟಂತಿತ್ತು. ಆಮೇಲೆ ತಜ್ಞರು ರಟ್ಟಿನ ಅಚ್ಚು ಕೊಟ್ಟು, ಪ್ರತಿ ಚೌಕದೊಳಗೂ ಒಂದೊಂದು ಚಿಟ್ಟೆ ಬರೆಸಿದರು.

"ಮಕ್ಕಳು ಏನು ಬರೀತಾರೆ ಸಾರ್, ಮತ್ತೆ?" ಎಂದು ಗೆರೆಯಪ್ಪ ಕೇಳಿದ.

"ಬಣ್ಣ ತುಂಬ್ತಾರೆ. ಮುಕ್ತ ಅಭಿವ್ಯಕ್ತಿ ಅಂದ್ರೆ ಚೌಕದಿಂದ ಆಚೆ ಹೋಗಬಾರದಲ್ಲ!"

ನಲವತ್ತು ಚಿಟ್ಟೆಗೆ ನಲವತ್ತು ಮಕ್ಕಳು. ಸಮವಸ್ತ್ರ ಇಸ್ತ್ರಿಯಾಗಿದ್ದವರನ್ನು, ಬೂಟು ಹೊಳೆಯುತ್ತಿದ್ದವರನ್ನು ದೊಡ್ಡ ಮಿಸ್ಸು ಆರಿಸಿ ಕೂರಿಸಿದರು. ಚಿನಕುರುಳಿಯ ಅಂಗಿಯ ಒಂದು ಗುಂಡಿ ಹೋಗಿತ್ತು. ಅವಳನ್ನೂ, ಗುಂಡಿ ಇಲ್ಲದ, ಬೂಟು ಬಾಯಿಬಿಟ್ಟ ಇನ್ನೊಂದು ಡಜನ್ ಮಕ್ಕಳನ್ನೂ ಒಂದು ಬದಿಗೆ ನಿಲ್ಲಿಸಿದರು. "ನೀವು ನೋಡಿ ಕಲೀರಿ," ಎಂದರು.

ಬಣ್ಣ ತುಂಬುವುದು ಹತ್ತು ನಿಮಿಷದಲ್ಲಿ ಮುಗಿಯಿತು, ಫೋಟೋ ಮಾತ್ರ ಮುಗಿಯಲಿಲ್ಲ. ಒಬ್ಬ ಹುಡುಗ ಚಿಟ್ಟೆಗೆ ಕರಿ ಬಣ್ಣ ಬಳಿದಿದ್ದ. ಅದನ್ನು ಒರೆಸಿ, ಹಳದಿ ಬಳಿಸಿ, ಮತ್ತೆ ನಗಿಸಬೇಕಾಯಿತು. ತಜ್ಞರು ಧ್ವನಿವರ್ಧಕ ಹಿಡಿದು ಸ್ವಾತಂತ್ರ್ಯದ ಬಗ್ಗೆ ಮಾತಾಡಿದರು. ನೆಲದೊಡನೆ ನಂಟಿನ ವಿಷಯ ಬಂದಾಗ ಮಕ್ಕಳ ನಡುವೆ ಕೂತು ಒಂದು ಫೋಟೋ ಎಂದು ದೊಡ್ಡ ಮಿಸ್ಸು ಸೂಚಿಸಿದರು. ತಜ್ಞರು ತಮ್ಮ ತಿಳಿ ಬಣ್ಣದ ಪ್ಯಾಂಟನ್ನೊಮ್ಮೆ ನೋಡಿಕೊಂಡು, ಕುರ್ಚಿ ತರಿಸಿದರು.

ನೋಡಿ ಕಲಿಯುತ್ತಿದ್ದವರಿಗೆ ಬೇಸರ ಬಂತು. ಚಿನಕುರುಳಿ ತಾತನ ಹತ್ತಿರ ಬಂದಳು.

"ತಾತ, ನಮಗೂ ಸುಣ್ಣ ಕೊಡು."

"ಬಣ್ಣದ್ದು ಇಲ್ಲಮ್ಮ. ಅದೆಲ್ಲ ಚಿಟ್ಟೆಯವರಿಗೆ."

"ಬಿಳೀದೇ ಕೊಡು. ನಾವೇನು ಬೇಡ ಅಂದ್ವಾ?"

ಗೆರೆಯಪ್ಪ ಜೇಬಿನಿಂದ ಬಿಳಿ ಗಟ್ಟಿಯೊಂದನ್ನು ತೆಗೆದು, ಕಲ್ಲಿಗೆ ಕುಟ್ಟಿ ಚೂರು ಮಾಡಿ ಹಂಚಿದ.

"ಏನು ಬರೀಬೇಕು?" ಎಂದಳು ಬೂಟು ಬಾಯಿಬಿಟ್ಟ ಹುಡುಗಿ.

"ನಿಮಗೆ ಏನು ಬೇಕೋ ಅದು."

"ಏನು ಬೇಕಾದ್ರೂನಾ? ಆಮೇಲೆ ಬೈಯಬಾರದು."

"ನಾನ್ಯಾಕೆ ಬೈಲಿ? ಒಂದೇ ಮಾತು, ಗೆರೆ ಎಳೆಯೋವಾಗ ಸುಣ್ಣದ ತುದಿ ನೋಡಬೇಡಿ. ಎಲ್ಲಿಗೆ ಹೋಗಿ ತಲುಪಬೇಕೋ ಅಲ್ಲಿ ನೋಡಿ. ಕೈ ತಾನಾಗಿ ಹಿಂದೆ ಬರುತ್ತೆ."

ಅಷ್ಟು ಹೇಳುವುದರೊಳಗೆ ದೊಡ್ಡ ಮಿಸ್ಸು ಕರೆದರು, ಕರಿ ಚಿಟ್ಟೆ ಒರೆಸಲು. ಮಂಡಿಯೂರಲೆಂದು ಬಿಟ್ಟಿದ್ದ ಚಪ್ಪಲಿಗಳನ್ನು ಅಲ್ಲೇ ಬಿಟ್ಟು ಅವನು ಬರಿಗಾಲಲ್ಲಿ ಹೋದ.

ಹಿಂದಿರುಗಿದಾಗ ಚಪ್ಪಲಿಗಳು ರಸ್ತೆಯ ನಟ್ಟನಡುವೆ ಇದ್ದವು. ಮಕ್ಕಳು ಅವನ್ನೇ ಅಳತೆಗೋಲು ಮಾಡಿಕೊಂಡಿದ್ದರು. "ಎರಡು ಚಪ್ಪಲಿ ಬಿಳಿ, ಎರಡು ಚಪ್ಪಲಿ ಖಾಲಿ! ಎರಡು ಚಪ್ಪಲಿ ಬಿಳಿ, ಎರಡು ಚಪ್ಪಲಿ ಖಾಲಿ!" ಎಂದು ಒಬ್ಬಳು ಕೂಗುತ್ತಿದ್ದಳು, ಉಳಿದವರು ಎಳೆಯುತ್ತಿದ್ದರು. ಶಾಲೆಯ ಗೇಟಿನಿಂದ ಎದುರು ಬದಿಯವರೆಗೆ ಒಂಬತ್ತು ಪಟ್ಟಿ. ಎರಡು ಚಪ್ಪಲಿ ಎಂದರೆ ಹೆಚ್ಚುಕಡಿಮೆ ಇಲಾಖೆಯ ಅಳತೆಯೇ. ಮೂವತ್ತೊಂದು ವರ್ಷ ಆ ಕಾಲು ಅಳೆದದ್ದೂ ಅದನ್ನೇ. ಜಗಳವೂ ನಡೆದಿತ್ತು. ನಾಲ್ಕನೆಯದು ಯಾರದೋ ಕೈಯಲ್ಲಿ ರಸ್ತೆಯ ತಗ್ಗಿಗೆ ಇಳಿದು ಡೊಂಕಾಗಿತ್ತಂತೆ, ಅಳಿಸಿ ಮತ್ತೆ ಎಳೆದಿದ್ದರು. ಸಹಕಾರ, ಧೈರ್ಯ, ಲೆಕ್ಕ, ನೆಲದೊಡನೆ ನಂಟು, ಎಲ್ಲವೂ ಮಂಡಿ ತರಚಿಕೊಂಡು ಅಲ್ಲಿ ನಡೆಯುತ್ತಿತ್ತು. ಫಲಕ ಮಾತ್ರ ಅತ್ತ ಮುಖ ಮಾಡಿ ನಿಂತಿತ್ತು.

ಒಂಬತ್ತನೆಯ ಪಟ್ಟಿಯ ಜಾಗದಲ್ಲಿ ಒಂದು ಕಂದು ನಾಯಿ ಮಲಗಿತ್ತು. ವಾಹನವಿಲ್ಲದ ರಸ್ತೆ, ಹದವಾದ ಬಿಸಿಲು. ಅದು ಏಳುವ ಮನಸ್ಸು ಮಾಡಲಿಲ್ಲ. ಎಬ್ಬಿಸಿದರೆ ಒಂದು ಕಣ್ಣು ತೆರೆದು ಮತ್ತೆ ಮುಚ್ಚಿತು. ಚಿನಕುರುಳಿ ಸ್ವಲ್ಪ ಯೋಚಿಸಿ, ನೆಟ್ಟಗೆ ಬರುತ್ತಿದ್ದ ಗೆರೆಯನ್ನು ನಾಯಿಯ ಕತ್ತಿನ ಹತ್ತಿರ ತಿರುಗಿಸಿ, ಬೆನ್ನಿನ ಗುಂಟ ಮೆಲ್ಲಗೆ ಒಯ್ದು, ಬಾಲ ದಾಟಿದ ಮೇಲೆ ಮತ್ತೆ ನೇರಕ್ಕೆ ತಂದಳು.

"ಇದೇನೇ ಇದು?" ಎಂದ ಗೆರೆಯಪ್ಪ.

"ಅದು ಮಲಗಿದೆ ತಾತ."

ಗೆರೆಯಪ್ಪ ನಾಯಿಯನ್ನು ಸುತ್ತಿಕೊಂಡು ಹೋಗಿ ತನ್ನ ಚಪ್ಪಲಿ ಮೆಟ್ಟಿಕೊಂಡ.

ಹನ್ನೆರಡಕ್ಕೆ ಆನಂದ ಮುಗಿಯಿತು. ತಜ್ಞರು ಫಲಕವನ್ನು ಕಂಕುಳಿಗೇರಿಸಿಕೊಂಡು ಮುಂದಿನ ಶಾಲೆಗೆ ಹೊರಟರು. ದೊಡ್ಡ ಮಿಸ್ಸು ಗೇಟಿನಿಂದಲೇ ಕೂಗಿ ಹೇಳಿದರು: "ಎಲ್ಲಾ ತೊಳೆದುಬಿಡಿ ಗೆರೆಯಪ್ಪ. ಸಂಜೆಯೊಳಗೆ ರಸ್ತೆ ಮೊದಲಿನ ಹಾಗಿರಬೇಕು."

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವನು ಬಕೆಟ್ಟು ತುಂಬಿಸಿ, ಪೊರಕೆ ಹಿಡಿದು ಬಂದ. ಶಾಲೆ ಬಿಡುವ ಹೊತ್ತು. ಚಿನಕುರುಳಿ ಚೀಲ ಬೆನ್ನಿಗೇರಿಸಿ ಬಂದು ಪಕ್ಕದಲ್ಲಿ ನಿಂತಳು. ನಾಯಿ ಎದ್ದು ಹೋಗಿತ್ತು, ಅದರ ಬೆನ್ನು ಮಾತ್ರ ನೆಲದ ಮೇಲೆ ಉಳಿದಿತ್ತು.

"ಇದನ್ನೂ ಅಳಿಸ್ತೀಯಾ ತಾತ?"

ಗೆರೆಯಪ್ಪ ಒಂದು ಕಣ್ಣು ಮುಚ್ಚಿ ನೋಡಿದ. ಎಂಟು ಪಟ್ಟಿ ನೆಟ್ಟಗಿದ್ದವು. ಅವನಿಗೆ ಗೊತ್ತಿತ್ತು, ಬೆಳಗಿನ ಜಾವ ಲಾರಿ ಬರುತ್ತದೆ. ಸುಣ್ಣ ಕಂಡಲ್ಲಿ ಬಣ್ಣ. ಬಕೆಟ್ಟಿನ ನೀರು ಸುರಿದರೆ ರಸ್ತೆ ನಕ್ಷೆಯ ಹಾಗಾಗುತ್ತದೆ, ಪ್ರಶಸ್ತಿಪತ್ರ ಗೋಡೆಗೇರುತ್ತದೆ, ಮಕ್ಕಳು ಕಣ್ಣು ಮುಚ್ಚಿ ಓಡುತ್ತಾರೆ. ಸುರಿಯದಿದ್ದರೆ ಮೂವತ್ತೊಂದು ವರ್ಷದ ಕೊನೆಯಲ್ಲಿ, ಊರೆಲ್ಲ ನೋಡುವಂತೆ, ಒಂದು ಡೊಂಕು. ಒಂಬತ್ತನೆಯದನ್ನಾದರೂ ತೊಳೆದು ನೇರವಾಗಿ ಎಳೆದುಬಿಡೋಣವೆಂದು ಅವನ ಕೈ ಜೇಬಿಗೆ ಹೋಯಿತು. ಆದರೆ ನಕ್ಷೆಯಲ್ಲಿಲ್ಲದ ಗೆರೆಯನ್ನು ತಾನು ಎಳೆದರೆ ಕಳ್ಳತನ. ಅಳಿಸದೆ ಬಿಟ್ಟರೆ ಬರೀ ಸೋಮಾರಿತನ. ಸರ್ಕಾರಿ ಕೆಲಸದಲ್ಲಿ ಸೋಮಾರಿತನಕ್ಕೆ ಇವತ್ತಿನವರೆಗೂ ಯಾರಿಗೂ ಶಿಕ್ಷೆಯಾಗಿರಲಿಲ್ಲ.

"ನೀರು ಖಾಲಿಯಾಯ್ತು," ಎಂದ.

ಚಿನಕುರುಳಿ ತುಂಬಿದ ಬಕೆಟ್ಟನ್ನು ನೋಡಿದಳು, ತಾತನ ಮುಖ ನೋಡಿದಳು. ಜೀವಮಾನದಲ್ಲಿ ಮೊದಲ ಸಲ ತನ್ನ ಬಾಯಿಯನ್ನು ತಾನೇ ಕೈಯಿಂದ ಮುಚ್ಚಿಕೊಂಡಳು. ತಾತ ನೀರನ್ನು ಬೇಲಿಯ ಗಿಡಕ್ಕೆ ಸುರಿದ.

ಮನೆಗೆ ಬಂದು ಚಪ್ಪಲಿ ಬಿಟ್ಟು ಒಳಗೆ ಹೋದವನನ್ನು ಹೆಂಡತಿ ಬೆನ್ನಟ್ಟಿ ಬಂದು ಹಣೆ ಮುಟ್ಟಿ ನೋಡಿದಳು. "ಏನ್ರೀ, ಒಂದು ಚಪ್ಪಲಿ ಪೂರ್ವಕ್ಕಿದೆ, ಇನ್ನೊಂದು ಪಶ್ಚಿಮಕ್ಕಿದೆ! ಜ್ವರ ಏನಾದ್ರೂ ಬಂತಾ?"

ಮರುದಿನ ಬೆಳಿಗ್ಗೆ ಮೊಮ್ಮಗಳ ಕೈ ಹಿಡಿದು ತಿರುವಿನಲ್ಲಿ ಬಂದಾಗ ಅವನ ಕಣ್ಣು ಮೊದಲು ರಸ್ತೆಯ ಮೇಲೆ ಹೋಯಿತು. ಒಂಬತ್ತು ಪಟ್ಟಿಗಳು ಹಲ್ಲುಜ್ಜಿ ನಿಂತಂತೆ ಬೆಳ್ಳಗೆ ಹೊಳೆಯುತ್ತಿದ್ದವು. ಒಂಬತ್ತನೆಯದರಲ್ಲಿ ನಾಯಿಯ ಬೆನ್ನು ಕತ್ತಿನಿಂದ ಬಾಲದವರೆಗೆ, ಒಂದು ಕೂದಲೂ ಬಿಡದೆ, ಎಣ್ಣೆ ಬಣ್ಣದಲ್ಲಿ ಮೂಡಿತ್ತು. ಗೆರೆಯಪ್ಪ ತಲೆ ಎತ್ತಿದ. ಆಗ ಕಂಡವು ಚೌಕಗಳು.

ಅಯ್ಯೋ! ಒಂಬತ್ತು ಪಟ್ಟಿಗಳ ಚಿಂತೆಯಲ್ಲಿ ಅವನು ತನ್ನದೇ ನಲವತ್ತು ಚೌಕಗಳನ್ನು ಮರೆತೇಬಿಟ್ಟಿದ್ದ. ಗೋಡೆಗುಂಟ ನಲವತ್ತೂ ಬಿಳಿ ಬಣ್ಣದಲ್ಲಿ, ನಲವತ್ತು ಚಿಟ್ಟೆಗಳ ಸಮೇತ, ಶಾಶ್ವತವಾಗಿ ನಿಂತಿದ್ದವು.

ಚಿಟ್ಟೆಗಳ ದೆಸೆಯಿಂದ ಅಂದು ಕೆಲಸ ತಡವಾಗಿ, ಬಣ್ಣದ ಮೇಸ್ತ್ರಿ ಇನ್ನೂ ಲಾರಿಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

"ಏನಯ್ಯಾ ಇದು? ಚೌಕ ಯಾಕೆ ಬಳಿದೆ?"

"ನಿನ್ನ ಕೈ ನನಗೆ ಗೊತ್ತಾಗಲ್ವಾ ಅಣ್ಣಾ? ಅಷ್ಟು ನೆಟ್ಟಗೆ ಈ ಊರಲ್ಲಿ ಇನ್ಯಾರು ಎಳೀತಾರೆ? ಚೌಕ ನಿನ್ನದು ಅಂದ್ಮೇಲೆ ಪಟ್ಟೀನೂ ನಿನ್ನದೇ. ಚಿಟ್ಟೆ ಒಳಗೂ ಬಳೀಬೇಕಿತ್ತಾ? ಬಣ್ಣ ಸಾಲಲಿಲ್ಲಪ್ಪ."

"ಡೊಂಕು ಕಾಣಲಿಲ್ವಾ ನಿನಗೆ?"

"ಕಂಡಿತು. ಏನೋ ಹೊಸ ನಿಯಮ ಇರಬೇಕು ಅಂದ್ಕೊಂಡೆ. ನೀನು ಸುಮ್ ಸುಮ್ನೆ ಡೊಂಕು ಎಳೆಯೋನಾ?"

ಹತ್ತು ಗಂಟೆಗೆ ಇಂಜಿನಿಯರ ಕೋಣೆಯಿಂದ ಕರೆ ಬಂತು. ಮೇಜಿನ ಮೇಲೆ ನಕ್ಷೆ ಹರಡಿತ್ತು, ಅದರ ಮೇಲೆ ಇಂಜಿನಿಯರ ಎರಡೂ ಮುಷ್ಟಿಗಳಿದ್ದವು.

"ನಕ್ಷೆಯಲ್ಲಿ ಇಲ್ಲದ್ದು ರಸ್ತೆ ಮೇಲೆ ಹೇಗೆ ಬಂತು?"

"ಪಟ್ಟಿ ಮಕ್ಕಳು ಬರೆದದ್ದು ಸಾರ್. ನಾನು ಅಳಿಸಲಿಲ್ಲ."

"ಮರೆತ್ಯಾ?"

ಮರೆತೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇಂಜಿನಿಯರೂ ಅದನ್ನೇ ಬಯಸಿದ್ದರು, ಪೆನ್ನು ಕೂಡ ತೆರೆದಿಟ್ಟಿದ್ದರು.

"ಚೌಕ ಮರೆತೆ ಸಾರ್. ಪಟ್ಟಿ ಮರೀಲಿಲ್ಲ."

"ಬಾವಿ ಕಟ್ಟೆ ಮೇಲೆ ನಿಂತು ಕೋತಿ ಆಟ ಆಡ್ತೀಯಲ್ಲಪ್ಪ, ಅದೂ ಈ ವಯಸ್ಸಲ್ಲಿ! ನಾಳೆ ಬೆಳಿಗ್ಗೆ ಅಷ್ಟರ ಮೇಲೂ ಕರಿ ಬಣ್ಣ ಬಳಿಸ್ತೀನಿ. ನಿನ್ನ ಮೇಲೆ ನೋಟಿಸು. ಆ ಪ್ರಶಸ್ತಿಪತ್ರ, ಅದನ್ನ ಮರೆತುಬಿಡು."

ಗೆರೆಯಪ್ಪ ಮೇಜಿನ ಮೇಲಿನ ನಕ್ಷೆಯನ್ನೇ ನೋಡುತ್ತಿದ್ದ. ಅದು ಮೇಜಿನ ಅಂಚಿಗೆ ಓರೆಯಾಗಿತ್ತು. ಸರಿಮಾಡಬೇಕೆನಿಸಲಿಲ್ಲ.

"ಕರಿ ಬಣ್ಣ ಒಂದು ಬೇಡಿ ಸಾರ್," ಎಂದ. "ನೋಟಿಸು ಎರಡು ಕೊಡಿ ಬೇಕಾದ್ರೆ."

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಇಂಜಿನಿಯರು ಎದ್ದು ನಿಂತರು. ಆ ಫೋನಿಗೆ ಅವರು ಯಾವಾಗಲೂ ನಿಂತೇ ಮಾತಾಡುವುದು. ಆ ಕಡೆ ದೊಡ್ಡ ಸಾಹೇಬರು, ನಗರಸಭೆಯ ಆಯುಕ್ತರು. ಬೆಳಿಗ್ಗೆ ಅವರ ಕಾರು ಶಾಲೆಯ ಮುಂದೆ ಹೋಗಿತ್ತು. ಪಟ್ಟಿ ಕಂಡು ಡ್ರೈವರ್ ನಿಲ್ಲಿಸಿದ್ದ. ಮಕ್ಕಳು ಸಾಲಾಗಿ ದಾಟಿದ್ದರು, ಒಬ್ಬಳು ಗುಂಡಿ ಇಲ್ಲದ ಅಂಗಿಯ ಹುಡುಗಿ ಅವರ ಕಾರಿನತ್ತ ಕೈ ಬೀಸಿದ್ದಳು. ಬಹಳ ವರ್ಷಗಳಿಂದ ಸಾಹೇಬರಿಗೆ ಯಾರೂ ಅರ್ಜಿ ಇಲ್ಲದ ಕೈ ಬೀಸಿರಲಿಲ್ಲ.

"ಆ ಚೌಕಗಳು ಏನು?" ಎಂದರು ಸಾಹೇಬರು. ಫೋನಿನ ದನಿ ಗೆರೆಯಪ್ಪನಿಗೂ ಕೇಳಿಸುತ್ತಿತ್ತು.

ಇಂಜಿನಿಯರು ಬಾಯಿ ತೆರೆದರು. ತಪ್ಪು ಎಂಬ ಮಾತು ತುಟಿಯವರೆಗೆ ಬಂದು, ದಾರಿ ತಿಳಿಯದೆ ಹಿಂದಕ್ಕೆ ಹೋಯಿತು. "ಮಕ್ಕಳು... ದಾಟೋಕೆ ಮುಂಚೆ... ಸಾಲಾಗಿ ಕಾಯೋ ಚೌಕಗಳು ಸಾರ್."

"ಚಿಟ್ಟೆ?"

"ಕಾಯೋವಾಗ ಬೇಜಾರಾಗಬಾರದು ಅಂತ ಸಾರ್."

"ಕೊನೇ ಪಟ್ಟಿ ಡೊಂಕಾಗಿದೆಯಲ್ರೀ?"

ಇಂಜಿನಿಯರು ಗೆರೆಯಪ್ಪನ ಮುಖ ನೋಡಿದರು. ಗೆರೆಯಪ್ಪ ಚಾವಣಿ ನೋಡಿದ.

"ವೇಗ ತಗ್ಗಿಸೋ ತಿರುವು ಸಾರ್ ಅದು. ಡ್ರೈವರ್ ಕಣ್ಣಿಗೆ ವಿಚಿತ್ರ ಅನ್ನಿಸಿ ಬ್ರೇಕ್ ಹಾಕ್ತಾನೆ. ಹೊಸ ಪ್ರಯೋಗ. ನಮ್ಮ ವಿಭಾಗದ್ದೇ."

"ಚೆನ್ನಾಗಿದೆ," ಎಂದರು ಸಾಹೇಬರು.

ಆ ಮಧ್ಯಾಹ್ನವೇ ನಕ್ಷೆ ತಿದ್ದಿದರು. ಹದಿನೆಂಟು ವರ್ಷ ಸುದ್ದಿ ಮುಟ್ಟದ ನಕ್ಷೆಗೆ ಹದಿನೈದು ನಿಮಿಷದಲ್ಲಿ ಎಲ್ಲವೂ ಮುಟ್ಟಿತು. ಯೋಜನೆಗೆ ಕಳೆದ ವರ್ಷದ ತಾರೀಖು ಹಾಕಿ ಕಡತ ತೆರೆದರು. ಗಿರಣಿಯ ಮುಂದಿನ ಪಟ್ಟಿಯನ್ನೂ ಉಳಿಸಿಕೊಂಡರು, ಗಿರಣಿ ಮತ್ತೆ ತೆರೆದರೆ ಇರಲಿ ಎಂದು. ಸಂಜೆಯೊಳಗೆ ದೊಡ್ಡ ಮಿಸ್ಸು, ಇದು ತಮ್ಮ ಮೂರು ಅರ್ಜಿಗಳ ಫಲ ಎಂದು ಪೋಷಕರಿಗೆಲ್ಲ ಚೀಟಿ ಕಳಿಸಿದರು. ತಜ್ಞರು ಬಂದು ಪಟ್ಟಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಫಲಕಕ್ಕೆ ಎಂಟನೆಯ ಲಾಭ ಸೇರಿಸಿದರು: ರಸ್ತೆ ಸುರಕ್ಷತೆ. ಬಾಯಿಬಿಟ್ಟ ಬೂಟಿನ ಹುಡುಗಿ ಫೋಟೋದೊಳಗೆ ಬಂದಿದ್ದಳಂತೆ, ಸ್ವಲ್ಪ ಪಕ್ಕಕ್ಕೆ ಸರಿಸಿದರು.

ಹೆಂಡತಿ ಸಂತೆಗೆ ಹೋಗಿಬರುವಾಗ ನೋಡಿಕೊಂಡು ಬಂದಳು. "ನಾಯಿ ಬಾಲ ಡೊಂಕು ಅಂತ ಕೇಳಿದ್ದೆ. ನಾಯಿ ಮಲಗಿದ್ದಕ್ಕೆ ಸರ್ಕಾರವೇ ಡೊಂಕಾಗಿದ್ದು ಇವತ್ತೇ ನೋಡಿದ್ದು," ಎಂದು ಬಾಗಿಲಲ್ಲೇ ನಕ್ಕಳು.

ನೋಟಿಸು ಬಿದ್ದುಹೋಗಿ, 'ಒಂದೂ ಡೊಂಕು ಗೆರೆ ಇಲ್ಲ' ಎಂಬ ಮಾತಿನ ಸಮೇತ ಪ್ರಶಸ್ತಿಪತ್ರ ಮತ್ತೆ ಟೈಪಿಗೆ ಹೋಯಿತು. "ಆ ಮಾತು ಪತ್ರದಲ್ಲಿ ಬರೆಸಬೇಡಿ ಸಾರ್," ಎಂದು ಗೆರೆಯಪ್ಪ ಇಂಜಿನಿಯರಿಗೆ ಹೇಳಿದ. "ಒಂದೂ ಡೊಂಕಿಲ್ಲ ಅನ್ನೋದು ಸುಳ್ಳಾಗುತ್ತೆ."

"ಯಾವ ಡೊಂಕು? ನಿಯಮದ ಪ್ರಕಾರ ಅದೀಗ ಡೊಂಕೇ ಅಲ್ಲ," ಎಂದರು ಅವರು. ನಿಜವೇ, ಮೇಜಿನ ಮೇಲೆ ಸುತ್ತೋಲೆ ಸಿದ್ಧವಾಗಿತ್ತು. ಊರಿನ ಉಳಿದ ಆರು ಶಾಲೆಗಳ ಮುಂದೆಯೂ ಇದೇ ಮಾದರಿ ಆಗಬೇಕು. ಒಂಬತ್ತನೆಯ ಪಟ್ಟಿಗೆ 'ತಿರುವು' ಕಡ್ಡಾಯ. ಗುರುತು ಮಾಡುವವರು: ಗೆರೆಯಪ್ಪ.

ಹೀಗೆ ಸೇವೆಯ ಕೊನೆಯ ವಾರ ಅವನು ಎರಡನೆಯ ಶಾಲೆಯ ಮುಂದೆ ಮಂಡಿಯೂರಿದ. ರಜೆಯ ದಿನ, ಚಿನಕುರುಳಿ ಜೊತೆಗೆ ಬಂದಿದ್ದಳು. ಎಂಟು ಪಟ್ಟಿ ಎಳೆದದ್ದು ಗೊತ್ತೇ ಆಗಲಿಲ್ಲ. ಒಂಬತ್ತನೆಯದಕ್ಕೆ ಬಂದು ಸುಣ್ಣವನ್ನು ಪಕ್ಕಕ್ಕೆ ತಿರುಗಿಸಲು ಹೋದ. ಕೈ ನೇರವಾಗಿ ಹೋಯಿತು. ಒರೆಸಿದ. ಮತ್ತೆ ಎಳೆದ, ಮತ್ತೆ ನೇರ. ಮೂರನೆಯ ಸಲ ಹಲ್ಲು ಕಚ್ಚಿ ಬಗ್ಗಿಸಿದ. ಮುರಿದ ಕೊಡೆಯ ಕಡ್ಡಿಯ ಹಾಗೆ ಏನೋ ಒಂದು ಬಂತು. ಮೂವತ್ತೊಂದು ವರ್ಷ ನೆಟ್ಟಗಿದ್ದ ಕೈ ಸರ್ಕಾರದ ಆದೇಶಕ್ಕೂ ಬಾಗಲಿಲ್ಲ.

"ಕೊಡು ತಾತ, ನಾನು ಎಳೀತೀನಿ," ಎಂದಳು ಚಿನಕುರುಳಿ. ಸುಣ್ಣ ಹಿಡಿದು ಕೂತು, ನೆಲ ನೋಡಿ, ಅತ್ತಿತ್ತ ನೋಡಿದಳು. "ನಾಯಿ ಎಲ್ಲಿ?"

"ನಾಯಿ ಇಲ್ಲಮ್ಮ. ಅಂದಾಜಿನ ಮೇಲೆ ಎಳಿ."

"ಅಂದಾಜಿನ ಮೇಲೆ ಹೇಗೆ ಎಳೀಲಿ? ಸುಮ್ ಸುಮ್ನೆ ಯಾರಾದ್ರೂ ಡೊಂಕು ಎಳೀತಾರಾ? ನಾಯಿ ಮಲಗಿತ್ತು, ಅದಕ್ಕೇ ಸುತ್ತಿಕೊಂಡು ಹೋದೆ. ಇಲ್ಲಿ ಏನೂ ಇಲ್ವಲ್ಲ, ನೆಟ್ಟಗೇ ಹೋಗಬಹುದು."

ಗೆರೆಯಪ್ಪ ಸುತ್ತೋಲೆಯನ್ನು ಜೇಬಿನಿಂದ ತೆಗೆದು ಓದಿದ. ಅದರಲ್ಲಿ ಅಳತೆಯಿತ್ತು, ಸಹಿಯಿತ್ತು, ಮೊಹರಿತ್ತು. ನಾಯಿ ಇರಲಿಲ್ಲ. ಬೀದಿಯ ಉದ್ದಕ್ಕೂ ಕಣ್ಣಾಡಿಸಿದ. ಹಾಲಿನ ಅಂಗಡಿಯ ಮುಂದೆ ಒಂದು ಬೆಕ್ಕಿತ್ತು, ಅದು ಇಲಾಖೆಯ ಅಳತೆಗೆ ಬಹಳ ಚಿಕ್ಕದು.

ಚಪ್ಪಲಿ ಬಿಟ್ಟ. ಅಂಗಿಯ ಕೈ ಮಡಿಸಿದ. ಒಂಬತ್ತನೆಯ ಪಟ್ಟಿಯ ಜಾಗದಲ್ಲಿ ಮೆಲ್ಲಗೆ ಒಂದು ಮಗ್ಗುಲಾಗಿ ಮಲಗಿ, ಸೊಟ್ಟ ಮಂಡಿಗಳನ್ನು ಎದೆಯ ಹತ್ತಿರ ಮಡಚಿ, ಬೆನ್ನು ಬಾಗಿಸಿದ. ನೆಲ ಬೆಚ್ಚಗಿತ್ತು. ಆ ನಾಯಿ ಯಾಕೆ ಏಳಲಿಲ್ಲವೆಂದು ಅವನಿಗೆ ತಿಳಿಯಿತು.

"ಇಷ್ಟು ಸಾಕಾ?"

"ಇನ್ನೂ ಸ್ವಲ್ಪ ಬಗ್ಗು. ಅದು ನಿನಗಿಂತ ಚೆನ್ನಾಗಿ ಮಲಗಿತ್ತು."

ಹಿಂದೆ ಒಂದು ಲಾರಿ ಬಂದು ನಿಂತಿತು. ಡ್ರೈವರು ಕಿಟಕಿಯಿಂದ ಅರ್ಧ ಮೈ ಹೊರಹಾಕಿ, "ಏನಾಯ್ತು ಅಜ್ಜಾ? ಬಿದ್ರಾ?" ಎಂದು ಕೂಗಿದ.

"ಆಫೀಸ್ ಕೆಲಸ!" ಎಂದು ಚಿನಕುರುಳಿ ತಿರುಗಿ ಕೂಗಿದಳು. "ನೀವು ಸ್ವಲ್ಪ ಕಾಯಿರಿ." ಸುಣ್ಣದ ತುದಿಯನ್ನು ನೋಡದೆ, ಹೋಗಿ ತಲುಪಬೇಕಾದ ಕಡೆಗೆ ಒಮ್ಮೆ ನೋಡಿ, ತಾತನ ಕತ್ತಿನ ಹತ್ತಿರ ಗೆರೆ ತಿರುಗಿಸಿದಳು. ಸುಣ್ಣ ಬೆನ್ನಿನ ಗುಂಟ ಪರಪರ ಎನ್ನುತ್ತ ಇಳಿಯುವುದು ಅವನಿಗೆ ಕೇಳಿಸುತ್ತಿತ್ತು.

"ಅಲ್ಲಾಡಬೇಡ ತಾತ. ಡೊಂಕಾಗುತ್ತೆ."